ಎಲ್ಲಾ ಕೊಡುತ್ತೇನೆ, ನಾನು ಮಾತ್ರ ಬರುವುದಿಲ್ಲ ಎಂದು ದೇವರು ಹೇಳಿದರೆ?

ಶ್ರೀನಿವಾಸಪುರದ ಮಾವು (ಚರ್ಚೆ ಶುರುಮಾಡಿದವರು)

ಎಲ್ಲರಿಗೂ ವಂದನೆ. ಬೈಬಲಿನ ವಿಮೋಚನಕಾಂಡ 33ನೇ ಅಧ್ಯಾಯ ಓದಿ ತಲೆ ಕೆಟ್ಟಿದೆ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಹಿಂದಿನ ಅಧ್ಯಾಯದಲ್ಲಿ, ಮೋಶೆಯ ಹಿಂದೆ ಈಜಿಪ್ಟ್ ಬಿಟ್ಟು ಬಂದ ಇಸ್ರಾಯೇಲ್ ಜನ ಚಿನ್ನದ ಬಸವನನ್ನು ಮಾಡಿಕೊಂಡು ಕುಣಿದಿದ್ದಾರೆ. ಅದಾದ ಮೇಲೆ ದೇವರು ಮೋಶೆಗೆ ಹೇಳುವ ಮಾತು ನೋಡಿ. ಹೊರಡಿ, ಆ ದೇಶ ನಿಮಗೇ. ದೂತನನ್ನು ಮುಂದೆ ಕಳಿಸುತ್ತೇನೆ, ಶತ್ರುಗಳನ್ನು ಓಡಿಸುತ್ತೇನೆ. ಹಾಲೂ ಜೇನೂ ಹರಿಯುವ ದೇಶ. ಆದರೆ ನಿಮ್ಮ ಜೊತೆ ನಾನು ಬರುವುದಿಲ್ಲ.

ಅಂದರೆ ಇಷ್ಟು ವರ್ಷ ಕೇಳಿಕೊಂಡಿದ್ದೆಲ್ಲಾ ಕೈಗೆ ಬಂತು. ಜಾಗ ಬಂತು, ಜಯ ಬಂತು, ಕಾವಲೂ ಬಂತು. ನಮ್ಮ ಉಪವಾಸ ಕೂಟದಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಮೈಕ್ ಹಿಡಿದು ಅರ್ಧ ಗಂಟೆ ಸಾಕ್ಷಿ, ಅಂದರೆ ದೇವರು ತಮಗೆ ಏನು ಮಾಡಿದ ಅಂತ, ಹೇಳುತ್ತಿದ್ದರು. ಜನ ‘ಸ್ತೋತ್ರ’ ಅನ್ನುತ್ತಿದ್ದರು. ಬೈಬಲಿನಲ್ಲಿ ಜನ ಈ ಮಾತು ಕೇಳಿ ಅತ್ತರು, ಒಡವೆ ತೆಗೆದಿಟ್ಟರು. ಮೋಶೆಯಂತೂ, ನೀನು ಬರದಿದ್ದರೆ ನಮ್ಮನ್ನು ಇಲ್ಲಿಂದ ಕಳಿಸಲೇಬೇಡ ಎಂದುಬಿಟ್ಟ. ‘ಇಲ್ಲಿ’ ಅಂದರೆ ಮರಳುಗಾಡು. ನೀರಿಲ್ಲ, ಬೆಳೆಯಿಲ್ಲ.

ನನ್ನ ಪ್ರಶ್ನೆ ಎರಡು. ಒಂದು, ನಮಗೆ ಇದೇ ಮಾತು ಬಂದರೆ ನಾವು ಅಳುತ್ತೇವಾ, ಸಿಹಿ ಹಂಚುತ್ತೇವಾ? ಎರಡು, ಕೇಳಿದ್ದು ಸಿಗದೇ ಇರುವವರು ಸಾಕ್ಷಿ ಹೇಳಬಹುದಾ? ನಮ್ಮ ಸಭೆಯಲ್ಲಿ ಕೆಲಸ ಸಿಕ್ಕವರು, ವೀಸಾ ಬಂದವರು, ಬೋರ್‌ವೆಲ್‌ನಲ್ಲಿ ನೀರು ಕಂಡವರು ಮಾತ್ರ ಏಳುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾ ಕೂತಿರುತ್ತಾರೆ. ‘ದೇವರೇ ಸಾಕು’ ಎಂದು ಹಾಡುವಾಗ ಎಲ್ಲರೂ ಹಾಡುತ್ತೇವೆ ಬಿಡಿ.

ಬಂಗಾರಪೇಟೆ ಜಂಕ್ಷನ್

ಟ್ರೈನಿನಲ್ಲಿ ನಿಂತುಕೊಂಡು ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ನಿಜ ಹೇಳಲಾ? ನಾನಾಗಿದ್ದರೆ ದೇಶ ತಗೊಂಡು ಹೊರಟುಬಿಡುತ್ತಿದ್ದೆ. ದೂತ ಇದ್ದಾನಲ್ಲ, ಸಾಕು. ಇಲ್ಲಿ ಎಲ್ಲರೂ ‘ನಾನೂ ಮೋಶೆ ಥರಾನೇ’ ಎಂದು ಬರೆಯುವ ಮೊದಲು ಒಬ್ಬನಾದರೂ ಇದನ್ನು ಒಪ್ಪಿಕೊಳ್ಳಲಿ ಅಂತ.

ಆದರೆ ಒಂದು ಮಾತು. ಕೇಳುವುದನ್ನು ಕೀಳು ಮಾಡಬೇಡಿ. ‘ಬರೀ ಬೇಡಿಕೆಯ ಪ್ರಾರ್ಥನೆ ಬೆಳೆಯದವರ ಪ್ರಾರ್ಥನೆ’ ಎಂದು ಪ್ರಸಂಗದಲ್ಲಿ ಕೇಳಿದ್ದೇನೆ. ಯೆರಿಕೋ ದಾರಿಯಲ್ಲಿ ಕುರುಡ ಬಾರ್ತಿಮಾಯನಿಗೆ ಯೇಸು ಏನು ಹೇಳಿದರು? ‘ನನ್ನ ಸನ್ನಿಧಿ ಸಿಕ್ಕಿತಲ್ಲ, ಸಾಕು, ಮನೆಗೆ ಹೋಗು’ ಅಂದರಾ? ಇಲ್ಲ. ನಿನಗೆ ಏನು ಮಾಡಬೇಕು ಎಂದು ಕೇಳಿದರು. ಅವನು ಕಣ್ಣು ಕೇಳಿದ. ಕೊಟ್ಟರು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲೇ ಈ ಹೊತ್ತಿನ ಊಟ ಇದೆ. ಬೆಳಗ್ಗೆ ಕತ್ತಲಲ್ಲಿ ಮನೆ ಬಿಟ್ಟು ಬೆಂಗಳೂರಿಗೆ ಹೋಗಿ ರಾತ್ರಿ ಬರುವವನಿಗೆ ಸಂಬಳವೂ ಪ್ರಾರ್ಥನೆಯ ವಿಷಯವೇ.

ತುಮಕೂರಿನ ಟೀಚರ್

ಜಂಕ್ಷನ್ ಅವರೇ, ಬಾರ್ತಿಮಾಯನ ಕಥೆಯನ್ನು ಕೊನೆಯ ಸಾಲಿಗೆ ಮೊದಲೇ ನಿಲ್ಲಿಸಿದಿರಿ. ಮಾರ್ಕ 10ರ ಕೊನೆಯ ವಚನ ಓದಿ. ‘ಹೋಗು’ ಎಂದು ಯೇಸು ಹೇಳಿದ ಮೇಲೆ ಅವನು ಹೋಗಲಿಲ್ಲ. ಕಣ್ಣು ಬಂದ ತಕ್ಷಣ ಅದೇ ದಾರಿಯಲ್ಲಿ ಅವರ ಹಿಂದೆ ನಡೆದ. ಆ ದಾರಿ ಯೆರೂಸಲೇಮಿಗೆ, ಶಿಲುಬೆಗೆ ಹೋಗುವ ದಾರಿ.

ಹತ್ತು ಮಂದಿ ಕುಷ್ಠರೋಗಿಗಳ ಕಥೆಯೂ ಹೀಗೇ, ಲೂಕ 17. ಹತ್ತೂ ಜನಕ್ಕೆ ವಾಸಿಯಾಯಿತು. ಒಬ್ಬ ತಿರುಗಿ ಬಂದ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಜನರ ವಾಸಿಯನ್ನು ಯೇಸು ವಾಪಸ್ ತಗೊಳ್ಳಲಿಲ್ಲ ಎಂಬುದನ್ನೂ ಗಮನಿಸಿ. ಅವರ ಪ್ರಾರ್ಥನೆಗೂ ಉತ್ತರ ಪೂರ್ತಿ ಸಿಕ್ಕಿತ್ತು. ನಮ್ಮ ಲೆಕ್ಕದಲ್ಲಿ ಅವರದ್ದೂ ಯಶಸ್ವೀ ಸಾಕ್ಷಿಯೇ.

ಸಂಡೇ ಸ್ಕೂಲಿನಲ್ಲಿ ಅಪ್ಪ ಮತ್ತು ಮಿಠಾಯಿ ಪೊಟ್ಟಣದ ಕಥೆ ಹೇಳುತ್ತಿದ್ದೆವು. ಮಗು ಅಪ್ಪನ ಕೈ ನೋಡಬೇಕಾ, ಮುಖ ನೋಡಬೇಕಾ ಅಂತ. ಮಕ್ಕಳು ಬುದ್ಧಿವಂತರು, ‘ಮುಖ’ ಎನ್ನುತ್ತಿದ್ದರು. ಆಮೇಲೆ ‘ಮಿಸ್, ಇವತ್ತು ಮಿಠಾಯಿ ಇದೆಯಾ?’ ಎನ್ನುತ್ತಿದ್ದರು.

ಪಾವಗಡದ ಬಿಸಿಲು

ಕರ್ತನ ನಾಮಕ್ಕೆ ಸ್ತೋತ್ರ. ನಾನು ಪೆಂತೆಕೋಸ್ತ್ ಸಭೆಯವನು. ಮಾತು ಸ್ವಲ್ಪ ಖಾರ ಆಗಬಹುದು, ಕ್ಷಮಿಸಿ.

ಈ ‘ಉತ್ತರಕ್ಕಿಂತ ಸನ್ನಿಧಿ ದೊಡ್ಡದು’ ಎಂಬ ಮಾತು ಚೆನ್ನಾಗಿದೆ. ಆದರೆ ಅದನ್ನು ಎಷ್ಟೋ ಸಭೆಗಳಲ್ಲಿ ಪ್ರಾರ್ಥನೆ ಮಾಡದೇ ಇರುವುದಕ್ಕೆ ನೆಪ ಮಾಡಿಕೊಂಡಿದ್ದಾರೆ. ಮಾರ್ಕ 11:24 ಏನು ಹೇಳುತ್ತದೆ? ಕೇಳಿದ್ದು ಹೊಂದಿದ್ದೇವೆ ಎಂದು ನಂಬಿ. ಯಾಕೋಬ 5 ಏನು ಹೇಳುತ್ತದೆ? ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ, ನಂಬಿಕೆಯ ಪ್ರಾರ್ಥನೆ ಅವನನ್ನು ಎಬ್ಬಿಸುತ್ತದೆ. ನಮ್ಮ ತಾಯಿ ಎದ್ದು ಓಡಾಡುತ್ತಿರುವುದು ಅಂಥ ಪ್ರಾರ್ಥನೆಯಿಂದಲೇ. ನಾನು ಅದನ್ನು ನೋಡಿದವನು. ಉತ್ತರ ಬರುವುದಕ್ಕೆ ಮೊದಲೇ ‘ಪರವಾಗಿಲ್ಲ, ಸನ್ನಿಧಿ ಇದೆ’ ಎಂದು ಕೈ ಚೆಲ್ಲಬೇಡಿ. ಲೂಕ 18ರ ವಿಧವೆ ಕೈ ಚೆಲ್ಲಲಿಲ್ಲ. ನ್ಯಾಯ ಸಿಗುವ ತನಕ ನ್ಯಾಯಾಧಿಪತಿಯ ಪ್ರಾಣ ತಿಂದಳು.

ರೀಫ್ಸ್ ಮನೆ

ನಾನು ಕೆಜಿಎಫ್, ಕಥೋಲಿಕ. ಬಿಸಿಲು ಅವರಿಗೆ ಒಂದು ಪ್ರಶ್ನೆ ಇದೆ. ವಾದಕ್ಕಲ್ಲ.

ನಮ್ಮಪ್ಪ ಮೈನ್ಸ್‌ನಲ್ಲಿ ಇದ್ದರು. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ. ಕೆಳಗೆ ಬಂಡೆ ಸಿಡಿಯುವುದು ಇಲ್ಲಿನ ಮನೆಗಳಿಗೆ ಹೊಸ ವಿಷಯ ಅಲ್ಲ. ಗಣಿಗೆ ಇಳಿಸುವ ಕೇಜ್ ಹತ್ತುವ ಮೊದಲು ಶಿಲುಬೆ ಗುರುತು ಮಾಡುವವರು, ತಾಯತ ಮುಟ್ಟಿಕೊಳ್ಳುವವರು, ಮಾರಮ್ಮನನ್ನು ನೆನೆಯುವವರು, ಎಲ್ಲರೂ ಒಂದೇ ಕೇಜಿನಲ್ಲಿ ಇಳಿಯುತ್ತಿದ್ದರು. ಗಣಿ ಮುಚ್ಚುತ್ತದೆ ಎಂಬ ಸುದ್ದಿ ಬಂದಾಗ ಇಡೀ ಊರು ಮೊಣಕಾಲೂರಿತು. ನೊವೇನಾ ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಜಪಸರ, ರಾತ್ರಿ ಜಾಗರಣೆ. ಎಲ್ಲಾ ಸಭೆಗಳಲ್ಲೂ ಪ್ರಾರ್ಥನೆ. ನಂಬಿಕೆಗೆ ಏನೂ ಕಡಿಮೆ ಇರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 120 ವರ್ಷದಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಕೊಟ್ಟ ಊರಿಗೆ ಉಳಿದಿದ್ದು ಸೈನೈಡ್ ದಿಬ್ಬ, ಅದರ ಧೂಳು, ಬೆಳಗಿನ ಬೆಂಗಳೂರು ಟ್ರೈನು.

ಅಪೊಸ್ತಲರ ಕೃತ್ಯಗಳು 12 ನೋಡಿ. ಒಂದೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಯಾಕೋಬನನ್ನು ರಾಜ ಹೆರೋದ ಕತ್ತಿಯಿಂದ ಕೊಲ್ಲಿಸುತ್ತಾನೆ, ಪೇತ್ರನನ್ನು ದೂತ ಬಂದು ಸೆರೆಮನೆಯಿಂದ ಬಿಡಿಸುತ್ತಾನೆ. ಯಾಕೋಬನ ಮನೆಯವರ ನಂಬಿಕೆ ಕಡಿಮೆ ಇತ್ತಾ? ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆ ಎಷ್ಟಿತ್ತು ಗೊತ್ತಾ? ಅವನು ಬಂದು ಬಾಗಿಲು ತಟ್ಟಿದರೆ, ಒಳಗಿಂದ ‘ನಿನಗೆ ಹುಚ್ಚು’ ಎಂದು ಸುದ್ದಿ ತಂದ ಹುಡುಗಿಗೇ ಬೈದರು.

ಪಾವಗಡದ ಬಿಸಿಲು

ರೀಫ್ಸ್ ಅವರೇ, ಪ್ರಶ್ನೆ ತಟ್ಟಿತು. ನಂಬಿಕೆ ಕಡಿಮೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಳುವವರು ಇದ್ದಾರೆ, ಅದು ಗೊತ್ತು. ಆದರೆ ಯಾಕೋಬ ಸತ್ತ ಅಂತ ಸಭೆ ಪೇತ್ರನಿಗಾಗಿ ಕೇಳುವುದನ್ನು ನಿಲ್ಲಿಸಲಿಲ್ಲ, ಅಲ್ವಾ? ನನ್ನ ವಾದ ಅಷ್ಟೇ.

ನಿರ್ವಾಹಕ

‘ನಂಬಿಕೆ ಕಮ್ಮಿ ಇರುವವರ ಚರ್ಚೆ ಇದು’ ಎಂಬ ಧಾಟಿಯ ಕಾಮೆಂಟುಗಳನ್ನು ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ಮುಳಬಾಗಿಲಿನ ಟೊಮೆಟೊ

ನಾನು ಜಾಸ್ತಿ ಬೈಬಲ್ ಓದಿದವನಲ್ಲ. ಬೆಳೆ ಲೆಕ್ಕದಲ್ಲಿ ಒಂದು ಹೇಳುತ್ತೇನೆ.

2023ರ ಜುಲೈ ನೆನಪಿದೆಯಾ? ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತು. ನಮ್ಮ ಕಡೆ ಹೊಲಕ್ಕೆ ರಾತ್ರಿ ಕಾವಲು ಕೂತರು. ನಮ್ಮ ಸಭೆಯಲ್ಲೂ ಒಬ್ಬರು ಎದ್ದು ಸಾಕ್ಷಿ ಹೇಳಿದರು. ದೇವರು ಕಣ್ಣು ತೆರೆದ, ಸಾಲ ತೀರಿತು ಅಂತ. ನಾನೂ ಆಮೆನ್ ಅಂದೆ. ಆದರೆ ಆ ರೇಟು ಯಾಕೆ ಬಂತು? ಬೇರೆ ಕಡೆ ಬೆಳೆ ಹಾಳಾಗಿತ್ತು. ಮಳೆ, ರೋಗ, ವೈರಸ್. ನಮ್ಮ ತಾಲೂಕಿನಲ್ಲೇ ಎಲೆಮುದುಡು ಬಂದು ಗಿಡ ಕಿತ್ತವರು ಇದ್ದರು. ಅವರೂ ಪ್ರಾರ್ಥನೆ ಮಾಡಿದವರೇ. ಸಾಕ್ಷಿ ಹೇಳಿದವರ ಪಕ್ಕದ ಬೆಂಚಿನಲ್ಲೇ ಕೂತಿದ್ದರು.

ರೇಟು ಬರಲಿ ಅಂತ ಪ್ರಾರ್ಥಿಸಿದರೆ ಇನ್ನೊಬ್ಬನ ಬೆಳೆ ಹೋಗಲಿ ಅಂತ ಕೇಳಿದ ಹಾಗೇ ಆಗುತ್ತದೆ. ಎಲ್ಲರಿಗೂ ಬೆಳೆ ಬಂದರೆ ಬಾಕ್ಸಿಗೆ ಐವತ್ತು ರೂಪಾಯಿ, ರಸ್ತೆಗೆ ಸುರಿಯುವುದು. ಬೋರ್‌ವೆಲ್ಲೂ ಹಾಗೇ. ನನ್ನದು ಸಾವಿರ ಅಡಿಗಿಂತ ಕೆಳಗೆ ನೀರು ಹಿಡಿದರೆ ಪಕ್ಕದವನದ್ದು ಬತ್ತುತ್ತದೆ. ಇದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಹಾಗಾಗಿ ನನಗೆ ಅನಿಸುವುದು ಇಷ್ಟು. ನಾವು ಕೇಳುವ ಎಷ್ಟೋ ಉತ್ತರಗಳು ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ತಪ್ಪುವಂಥವು. ಸೀಟು ಒಂದು, ಕೆಲಸ ಒಂದು, ರೇಟು ಒಂದು. ದೇವರು ಜೊತೆಗಿರುವುದು ಮಾತ್ರ ಹಾಗಲ್ಲ. ನನ್ನ ಜೊತೆ ಇದ್ದಾನೆ ಅಂತ ಗಿಡ ಕಿತ್ತವನ ಜೊತೆ ಇಲ್ಲದೆ ಹೋಗುವುದಿಲ್ಲ. ಇದಕ್ಕೆ ವಚನ ಇದೆಯಾ ಗೊತ್ತಿಲ್ಲ, ಟೀಚರ್ ಹೇಳಲಿ.

ಬಂಗಾರಪೇಟೆ ಜಂಕ್ಷನ್

ಅಣ್ಣಾ, ಬೈಬಲ್ ಓದಿಲ್ಲ ಅಂತ ಹೇಳಿ ಇಂಥದ್ದು ಬರೆಯುತ್ತೀರಲ್ಲ. ನನ್ನ ಜೊತೆ ಕೆಲಸದ ಇಂಟರ್‌ವ್ಯೂಗೆ ಬಂದಿದ್ದ ನಮ್ಮ ಸಭೆಯ ಹುಡುಗನೇ ನೆನಪಾದ. ಇಬ್ಬರೂ ಉಪವಾಸ ಮಾಡಿದ್ದೆವು. ಪೋಸ್ಟ್ ಒಂದೇ ಇತ್ತು.

ಶ್ರೀನಿವಾಸಪುರದ ಮಾವು

ಟೊಮೆಟೊ ಅಣ್ಣಾ, ನಾನು ಹೇಳಬಾರದು ಅಂದುಕೊಂಡಿದ್ದೆ. ನೀವು ಬರೆದ ಮೇಲೆ ಹೇಳಬೇಕು ಅನಿಸಿತು.

ನನ್ನ ತಮ್ಮನಿಗೆ ಎರಡೂ ಕಿಡ್ನಿ ಹೋಗಿದೆ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ನೀರು ಅಳೆದು ಕುಡಿಯಬೇಕು. ನಮ್ಮ ತೋಟದ ಮಾವಿನಹಣ್ಣನ್ನೂ ತಿನ್ನುವ ಹಾಗಿಲ್ಲ, ಪೊಟ್ಯಾಸಿಯಮ್ ಜಾಸ್ತಿ. ಮನೆಯಲ್ಲಿ ಯಾರದ್ದೂ ಹೊಂದಲಿಲ್ಲ. ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಇದೆ, ಕಾಯುತ್ತಿದ್ದೇವೆ.

ಪಟ್ಟಿಯಿಂದ ಕಿಡ್ನಿ ಬರುವುದು ಹೇಗೆ ಎಂದು ನಿಮಗೆಲ್ಲಾ ಗೊತ್ತು. ಎಲ್ಲೋ ಒಬ್ಬರಿಗೆ ಅಪಘಾತ ಆಗಿ ಮಿದುಳು ಸತ್ತಿರಬೇಕು. ಅವರ ಮನೆಯವರು ಅಳುತ್ತಾ ಸಹಿ ಹಾಕಬೇಕು. ಕೂಟದಲ್ಲಿ ‘ಬೇಗ ಕಿಡ್ನಿ ಸಿಗಲಿ’ ಎಂದು ಪ್ರಾರ್ಥಿಸುವಾಗ ನನಗೆ ಬಾಯಿ ಕಟ್ಟುತ್ತದೆ. ಯಾವ ಮನೆಯ ಮಗನನ್ನು ನಾನು ಕೇಳುತ್ತಿದ್ದೇನೆ? ಆ ಮನೆಯಲ್ಲೂ ಐಸಿಯು ಬಾಗಿಲಲ್ಲಿ ಯಾರೋ ಪ್ರಾರ್ಥಿಸುತ್ತಿರುತ್ತಾರೆ. ‘ಉಳಿಸು’ ಅಂತ. ಅವರ ಪ್ರಾರ್ಥನೆ ಕೇಳಿದರೆ ನಮಗೆ ಇಲ್ಲ. ನಮ್ಮದು ಕೇಳಿದರೆ ಅವರಿಗೆ ಇಲ್ಲ.

ಇದರಿಂದಲೇ 33ನೇ ಅಧ್ಯಾಯ ನನ್ನನ್ನು ಹಿಡಿದುಕೊಂಡಿದ್ದು. ‘ನೀನು ಜೊತೆಗೆ ಬಾ’ ಎನ್ನುವ ಪ್ರಾರ್ಥನೆ ಒಂದನ್ನೇ ಎರಡೂ ಮನೆಗೆ ಮಾಡಬಹುದು.

ನಾನು ಒಮ್ಮೆ ಸಾಕ್ಷಿಗೆ ಎದ್ದು, ವಾಸಿಯಾಗಿಲ್ಲ, ಆದರೂ ದೇವರು ನಮ್ಮ ಜೊತೆ ಇದ್ದಾನೆ ಎಂದು ಹೇಳಿದೆ. ಕೂಟ ಮುಗಿದ ಮೇಲೆ ಹಿರಿಯರೊಬ್ಬರು ಬಂದು, ಹಾಗೆ ಹೇಳಬೇಡಮ್ಮ, ವಾಸಿ ಆಗಿಬಿಟ್ಟಿದೆ ಅಂತ ಹೇಳು ಎಂದರು. ಡಯಾಲಿಸಿಸ್ ಮುಗಿಸಿ ಬಂದ ತಮ್ಮ ಪಕ್ಕದಲ್ಲೇ ಇದ್ದ.

ಶಿಡ್ಲಘಟ್ಟದ ಗೂಡು

ನಾನು ಈಗ ಚರ್ಚಿಗೆ ಹೋಗುವುದಿಲ್ಲ. ಹುಟ್ಟಿದ್ದು ಸಿಎಸ್‌ಐ (ಪ್ರೊಟೆಸ್ಟೆಂಟ್) ಮನೆ. ರೇಷ್ಮೆ ಸಾಕುತ್ತೇನೆ, ಓದುತ್ತೇನೆ, ಸುಮ್ನೆ ಇರುತ್ತೇನೆ. ಮಾವು ಅವರ ತಮ್ಮನ ವಿಷಯ ಓದಿ ಬೇಸರವಾಯಿತು. ಅವರಿಗೆ ಈ ಮಾತು ಅಲ್ಲ, ಉಳಿದವರಿಗೆ.

ಉತ್ತರ ಬಂದರೆ ದೇವರ ಕೃಪೆ. ಬರದಿದ್ದರೆ ದೇವರ ಸನ್ನಿಧಿ. ತಡವಾದರೆ ದೇವರ ಸಮಯ. ಯಾವ ದಾರಿಯಲ್ಲಿ ಹೋದರೂ ದೇವರು ಗೆಲ್ಲುತ್ತಾನೆ. ಹಾಗಾದರೆ ದೇವರು ಜೊತೆಗಿಲ್ಲ ಅಂತ ಗೊತ್ತಾಗುವುದು ಹೇಗೆ? ಯಾವತ್ತೂ ಸುಳ್ಳಾಗದ ಮಾತಿಗೆ ಏನು ಬೆಲೆ? ಸೋತ ಮೇಲೆ ‘ನಾವು ಗೆಲ್ಲುವುದಕ್ಕೆ ಆಡಿರಲಿಲ್ಲ’ ಅನ್ನುವ ಮಾತಿನ ಹಾಗಿದೆ.

ಇನ್ನೊಂದು. ನನ್ನ ಕಷ್ಟದ ದಿನಗಳಲ್ಲಿ ಉತ್ತರವೂ ಬರಲಿಲ್ಲ, ಸನ್ನಿಧಿಯೂ ಬರಲಿಲ್ಲ. ಬಂದಿದ್ದು ಬ್ಯಾಂಕಿನವರು. ಅಂಥವರಿಗೆ ನಿಮ್ಮ ಹತ್ತಿರ ಏನಿದೆ?

ಪಾವಗಡದ ಬಿಸಿಲು

ಸತ್ಯ ಹೇಳಬೇಕೆಂದರೆ ನನ್ನ ಹತ್ತಿರ ಉತ್ತರ ಇಲ್ಲ. ಮಾವು ಅಕ್ಕನಿಗೆ ಆ ಹಿರಿಯರು ಹೇಳಿದ್ದು ತಪ್ಪು. ಆಗದೇ ಇರುವುದನ್ನು ಆಗಿದೆ ಅನ್ನುವುದು ನಂಬಿಕೆ ಅಲ್ಲ, ಸುಳ್ಳು. ಅಷ್ಟು ಮಾತ್ರ ಹೇಳಬಲ್ಲೆ.

ತುಮಕೂರಿನ ಟೀಚರ್

ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ರಿಟೈರ್ ಆದವರ ಹತ್ತಿರ ಟೈಮ್ ಇರುತ್ತದೆ.

ಮೊದಲು ಗೂಡು ಅವರ ಮಾತಿಗೆ. ನೀವು ಹೇಳಿದ್ದು ಸರಿ, ಇನ್ನೊಬ್ಬರ ಮೇಲೆ ಎಸೆದರೆ ಈ ಮಾತಿಗೆ ಬೆಲೆಯೇ ಇಲ್ಲ. 1 ಸಮುವೇಲ ಮೊದಲ ಅಧ್ಯಾಯ ನೋಡಿ. ಹನ್ನಳಿಗೆ ಮಕ್ಕಳಿಲ್ಲ. ಊಟ ಬಿಟ್ಟು ಅಳುತ್ತಿದ್ದಾಳೆ. ಗಂಡ ಎಲ್ಕಾನ ಬಂದು, ಯಾಕೆ ಅಳುತ್ತೀಯ, ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವಾ ಎನ್ನುತ್ತಾನೆ. ಪ್ರೀತಿಯಿಂದಲೇ ಹೇಳಿದ್ದು. ಅವನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆ, ಅವಳಲ್ಲಿ ಮಕ್ಕಳೂ ಇದ್ದಾರೆ. ಹನ್ನ ಅವನಿಗೆ ಉತ್ತರವನ್ನೇ ಕೊಡುವುದಿಲ್ಲ. ಬೈಬಲಿನಲ್ಲಿ ನನಗೆ ತುಂಬಾ ಇಷ್ಟವಾದ ಮೌನ ಅದು. ‘ನಿನಗೆ ದೇವರ ಸನ್ನಿಧಿ ಇದೆಯಲ್ಲ, ಸಾಕಲ್ವಾ’ ಎಂದು ಬೇರೆಯವರಿಗೆ ಹೇಳುವವರೆಲ್ಲಾ ಎಲ್ಕಾನರೇ. ಮೋಶೆ ಹೇಳಿದ್ದು ತನಗೆ ಮತ್ತು ತನ್ನ ಜನಕ್ಕೆ, ಅದೂ ದೇವರ ಮುಂದೆ ನಿಂತು. ಯಾರ ಬಾಯಿ ಮುಚ್ಚಿಸುವುದಕ್ಕೂ ಅಲ್ಲ.

ಆಮೇಲೆ ಹನ್ನ ಏನು ಮಾಡುತ್ತಾಳೆ? ಆಲಯಕ್ಕೆ ಹೋಗಿ ಮನಸ್ಸು ಬಿಚ್ಚಿ ಅಳುತ್ತಾಳೆ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಳ್ಳುತ್ತಾನೆ. ಪಾಪ, ಯಾಜಕರಿಗೂ ಎಲ್ಲಾ ಗೊತ್ತಾಗುವುದಿಲ್ಲ. 18ನೇ ವಚನದಲ್ಲಿ ಅವಳು ಎದ್ದು ಹೋಗಿ ಊಟ ಮಾಡುತ್ತಾಳೆ, ಮುಖದಲ್ಲಿ ಮೊದಲಿನ ದುಃಖ ಇಲ್ಲ. ಮಗ ಹುಟ್ಟುವುದು 20ನೇ ವಚನದಲ್ಲಿ. ನನಗೆ ಆ ಎರಡು ವಚನಗಳ ನಡುವಿನ ಜಾಗ ಮುಖ್ಯ.

ಶಿಡ್ಲಘಟ್ಟದ ಗೂಡು

ಟೀಚರ್, ಅದಕ್ಕೂ ಮೊದಲೇ ಏಲಿ ‘ನೀನು ಕೇಳಿದ್ದನ್ನು ದೇವರು ಕೊಡಲಿ’ ಎಂದು ಹೇಳಿ ಕಳಿಸಿದ್ದನಲ್ಲ. ಭರವಸೆ ಸಿಕ್ಕಿತು, ಊಟ ಮಾಡಿದಳು.

ತುಮಕೂರಿನ ಟೀಚರ್

ನಮ್ಮ ಸಂಡೇ ಸ್ಕೂಲಿನಲ್ಲೇ ಓದಿದ್ದೀರೋ ಏನೋ! ಒಪ್ಪುತ್ತೇನೆ, ಹನ್ನಳ ಕಥೆ ನನ್ನ ವಾದವನ್ನು ಪೂರ್ತಿ ಹೊರುವುದಿಲ್ಲ. ಕೀರ್ತನೆ 73 ಹೊರುತ್ತದೆ. ಅದನ್ನು ಹಾಡಿದ ಆಸಾಫನಿಗೆ ಹೊಟ್ಟೆಯುರಿ. ದುಷ್ಟರು ಕೊಬ್ಬಿದ್ದಾರೆ, ನಾನು ಕೈ ತೊಳೆದುಕೊಂಡು ಒಳ್ಳೆಯವನಾಗಿದ್ದು ದಂಡ ಎನ್ನುತ್ತಾನೆ. ಕೊನೆಯವರೆಗೆ ಅವನ ಪರಿಸ್ಥಿತಿ ಬದಲಾಯಿತು ಎಂದು ಒಂದು ಸಾಲೂ ಇಲ್ಲ. ಏಲಿಯೂ ಬರುವುದಿಲ್ಲ. ಮೈಯೂ ಮನಸ್ಸೂ ಸೋತುಹೋದರೂ ದೇವರೇ ನನ್ನ ಪಾಲು, ದೇವರ ಹತ್ತಿರ ಇರುವುದೇ ನನಗೆ ಒಳ್ಳೆಯದು ಎಂದು ಮುಗಿಸುತ್ತಾನೆ.

ಕೈವಾರದ ದಾರಿ

ನಾನು ಕ್ರೈಸ್ತ ಅಲ್ಲ, ಚಿಂತಾಮಣಿ ಕಡೆಯವನು. ಓದುತ್ತಾ ಇದ್ದೆ. ನಮ್ಮಲ್ಲೂ ಹರಕೆ ಹೊತ್ತು ಬೆಟ್ಟ ಹತ್ತುವವರು ಬೇರೆ, ಸುಮ್ನೆ ದೇವರನ್ನು ನೋಡಬೇಕು ಅಂತ ಹತ್ತುವವರು ಬೇರೆ. ಬಳೆ ಮಾರುತ್ತಿದ್ದ ಕೈವಾರ ತಾತಯ್ಯನವರು ಸಂಸಾರ ಬಿಟ್ಟು ಹೊರಟಿದ್ದು ಯಾವ ಹರಕೆಗೂ ಅಲ್ಲ. ನೀವು ಹೇಳುತ್ತಿರುವುದೂ ಫಲ ಬಯಸದ ಭಕ್ತಿಯೇ ತಾನೇ? ಏನಾದರೂ ವ್ಯತ್ಯಾಸ ಇದೆಯಾ? ತಿಳಿಯುವ ಆಸೆಗೆ ಕೇಳಿದೆ.

ರೀಫ್ಸ್ ಮನೆ

ಒಳ್ಳೆಯ ಪ್ರಶ್ನೆ. ತುಂಬಾ ಹತ್ತಿರ ಇದೆ. ನನಗೆ ಕಾಣುವ ವ್ಯತ್ಯಾಸ ಎಂದರೆ, ನಮ್ಮಲ್ಲಿ ಆಸೆ ಬಿಡಿ ಅಂತ ಯೇಸು ಹೇಳುವುದಿಲ್ಲ. ಶಿಲುಬೆಯ ಹಿಂದಿನ ರಾತ್ರಿ ಅವರೇ ಗೆತ್ಸೇಮನೆ ತೋಟದಲ್ಲಿ ಆಸೆಪಟ್ಟರು. ಈ ಪಾತ್ರೆ, ಅಂದರೆ ಈ ನೋವು, ನನ್ನಿಂದ ಹೋಗಲಿ ಎಂದು ಮತ್ತೆ ಮತ್ತೆ ಕೇಳಿದರು. ಬೆವರಿದರು. ಶಿಷ್ಯರಿಗೆ ಎಚ್ಚರವಾಗಿ ಜೊತೆಗಿರಿ ಅಂದರು, ಅವರು ನಿದ್ದೆ ಹೋದರು. ಪಾತ್ರೆ ಹೋಗಲಿಲ್ಲ. ಹಾಗಾಗಿ ನಮ್ಮ ಪ್ರಾರ್ಥನೆಯಲ್ಲಿ ಆಸೆಯೂ ಇರುತ್ತದೆ, ‘ನಿನ್ನ ಚಿತ್ತ’ ಎನ್ನುವುದೂ ಇರುತ್ತದೆ. ಎರಡೂ ಗುದ್ದಾಡುತ್ತವೆ. ಆಸೆ ಸತ್ತು ಶಾಂತಿ ಬರುವುದು ಅಂತ ಅಲ್ಲ. ಪೌಲನೂ ಮೈಯಲ್ಲಿದ್ದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು ಬಂತು, ಮುಳ್ಳು ಹಾಗೇ ಉಳಿಯಿತು.

ನೊವೇನಾ ಬಗ್ಗೆಯೂ ಒಂದು. ನಮ್ಮವರು ಒಂಬತ್ತು ದಿನದ ಪ್ರಾರ್ಥನೆಯನ್ನು ಬೇಡಿಕೆ ಪೂರೈಸುವ ಕೋರ್ಸ್ ಮಾಡಿಕೊಂಡಿದ್ದಾರೆ. ಅದರ ಮೂಲ ಎಂದು ಹೇಳುವುದು ಯೇಸುವಿನ ಸ್ವರ್ಗಾರೋಹಣಕ್ಕೂ ಪೆಂತೆಕೋಸ್ತ್ ಹಬ್ಬಕ್ಕೂ ನಡುವಿನ ದಿನಗಳನ್ನು. ಶಿಷ್ಯರು, ಮರಿಯಮ್ಮ, ಹೆಂಗಸರು ಮೇಲ್ಮಾಳಿಗೆಯಲ್ಲಿ ಕಾದು ಕೂತು ಪ್ರಾರ್ಥಿಸಿದರು. ಆ ಮೊದಲ ನೊವೇನಾಕ್ಕೆ ಬಂದ ಉತ್ತರ ಏನು? ರೋಮಿನವರು ದೇಶ ಬಿಟ್ಟು ಹೋಗಲಿಲ್ಲ. ಇವರಿಗೆ ಭದ್ರತೆಯೂ ಸಿಗಲಿಲ್ಲ. ಪವಿತ್ರಾತ್ಮ ಬಂದ. ಅಂದರೆ ದೇವರೇ ಬಂದ.

ಪಾವಗಡದ ಬಿಸಿಲು

ಆಹಾ, ಇದನ್ನು ನಾನು ಹೇಳಬೇಕಿತ್ತು, ಪೆಂತೆಕೋಸ್ತ್ ಆಗಿ! ಲೂಕ 11ರಲ್ಲಿ ಬೇಡಿಕೊಳ್ಳಿ, ಹುಡುಕಿ, ತಟ್ಟಿ ಎಂದೆಲ್ಲಾ ಹೇಳಿ ಕೊನೆಗೆ 13ನೇ ವಚನದಲ್ಲಿ ತಂದೆ ಕೊಡುವುದು ಏನು ಅಂದರೆ ಪವಿತ್ರಾತ್ಮನನ್ನು. ನಾವು ಈ ಅಧ್ಯಾಯವನ್ನು ಎಷ್ಟೋ ಸಲ ಮನೆ, ಸೈಟು, ಮದುವೆಗೆ ಬಳಸಿದ್ದೇವೆ. ಬಳಸುವುದು ತಪ್ಪಲ್ಲ. ಆದರೆ ಯೇಸು ಅಲ್ಲಿ ಹೆಸರಿಟ್ಟು ಹೇಳಿದ ವರ ಅದು.

ಇನ್ನೊಂದೂ ಇದೆ. ಎಪ್ಪತ್ತು ಶಿಷ್ಯರು ದೆವ್ವ ಬಿಡಿಸಿ ಖುಷಿಯಾಗಿ ಬಂದಾಗ ಯೇಸು, ಅದಕ್ಕೆ ಸಂತೋಷಪಡಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಅಂತ ಸಂತೋಷಪಡಿ ಅಂದರು. ನಮ್ಮ ಸಾಕ್ಷಿ ಸಮಯದಲ್ಲಿ ಈ ವಚನ ಓದಿದ್ದು ನನಗೆ ನೆನಪಿಲ್ಲ.

ಶಿಡ್ಲಘಟ್ಟದ ಗೂಡು

ಎಲ್ಲಾ ಚೆನ್ನಾಗಿದೆ. ನನ್ನ ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲ. ಉತ್ತರವೂ ಇಲ್ಲ, ಸನ್ನಿಧಿಯೂ ಇಲ್ಲ ಅನ್ನುವವರಿಗೆ?

ರೀಫ್ಸ್ ಮನೆ

ನಾನೇ ಬರುತ್ತೇನೆ, ಬಿಡುವುದಿಲ್ಲ.

ಕೋಲ್ಕತ್ತಾದ ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದವು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರು ಹತ್ತಿರ ಇದ್ದಾನೆ ಎಂದು ಅನಿಸಲೇ ಇಲ್ಲ. ಒಳಗೆ ಬರೀ ಕತ್ತಲೆ ಎಂದು ತಮ್ಮ ಗುರುಗಳಿಗೆ ಬರೆದಿದ್ದರು. ಹೊರಗೆ ದಿನಾ ಬೆಳಗ್ಗೆ ಪೂಜೆ, ಪರಮ ಪ್ರಸಾದದ ಮುಂದೆ ಆರಾಧನೆ, ಆಮೇಲೆ ಬೀದಿಯಲ್ಲಿ ಸಾಯುತ್ತಿದ್ದವರ ಸೇವೆ. ಜಗತ್ತೆಲ್ಲಾ ‘ಈಕೆಯಲ್ಲಿ ದೇವರನ್ನು ಕಂಡೆವು’ ಎನ್ನುತ್ತಿತ್ತು. ಆಕೆಗೆ ಕಾಣಿಸುತ್ತಿರಲಿಲ್ಲ. 2016ರಲ್ಲಿ ಸಭೆ ಅವರನ್ನು ಸಂತರೆಂದು ಘೋಷಿಸಿತು, ಆ ಪತ್ರಗಳು ಗೊತ್ತಿದ್ದೂ.

ಹಾಗಾಗಿ ಸನ್ನಿಧಿ ಅಂದರೆ ಮೈ ಜುಮ್ಮೆನ್ನುವುದು, ಕಣ್ಣೀರು ಬರುವುದು, ಹಾಡುವಾಗ ಕೈ ಎತ್ತುವುದು ಎಂದುಕೊಂಡರೆ ಅದೂ ಒಂದು ಬೇಡಿಕೆಯೇ ಆಗುತ್ತದೆ. ಕಿಡ್ನಿ ಕೇಳುವ ಬದಲು ಫೀಲಿಂಗ್ ಕೇಳಿದ ಹಾಗೆ. ಅದು ಸಿಗದವರು ಮತ್ತೆ ಹಿಂದಿನ ಬೆಂಚು. ಶಿಲುಬೆಯ ಮೇಲೆ ಯೇಸು ಕೂಗಿದ್ದು ಏನು? ದೇವರೇ, ಯಾಕೆ ಕೈಬಿಟ್ಟೆ ಎಂದು. ಕೀರ್ತನೆ 22ರ ಮೊದಲ ಸಾಲು. ಅವರಿಗೂ ಸನ್ನಿಧಿ ಅನುಭವಕ್ಕೆ ಬರಲಿಲ್ಲ ಆ ಹೊತ್ತಿನಲ್ಲಿ.

ಇದು ನಿಮಗೆ ಉತ್ತರ ಅಂತ ಅಲ್ಲ. ನಿಮ್ಮ ಜಾಗದಲ್ಲಿ ಯಾರ್ಯಾರು ನಿಂತಿದ್ದರು ಅಂತ ಹೇಳಿದೆ.

ಶಿಡ್ಲಘಟ್ಟದ ಗೂಡು

ಒಪ್ಪಿಕೊಂಡೆ ಅಂತ ಅಲ್ಲ. ಆದರೆ ಯಾರಾದರೂ ಇಪ್ಪತ್ತು ವರ್ಷದ ಹಿಂದೆ ಹೀಗೆ ಮಾತಾಡಿದ್ದರೆ ನಾನು ಇನ್ನೂ ಸ್ವಲ್ಪ ದಿನ ಕೂತಿರುತ್ತಿದ್ದೆ. ಆಗ ನನಗೆ ಸಿಕ್ಕಿದ್ದು ‘ಯಾವುದೋ ಗುಪ್ತ ಪಾಪ ಇರಬೇಕು’ ಎಂಬ ಮಾತು.

ಬಂಗಾರಪೇಟೆ ಜಂಕ್ಷನ್

ನಿನ್ನ ಕಷ್ಟಕ್ಕೆ ನಿನ್ನ ಪಾಪವೇ ಕಾರಣ ಎಂದ ಯೋಬನ ಗೆಳೆಯರು ನಮ್ಮ ಎಲ್ಲಾ ತಾಲೂಕಿನಲ್ಲೂ ಬ್ರಾಂಚ್ ತೆರೆದಿದ್ದಾರೆ.

ಮಾವು ಅವರ ಮೊದಲ ಪ್ರಶ್ನೆಗೆ ವಾಪಸ್ ಬರೋಣ. ನಾನು ದೇಶ ತಗೊಂಡು ಹೋಗುತ್ತಿದ್ದೆ ಅಂದಿದ್ದೆ. ಆಮೇಲೆ ಯೋಚಿಸಿದೆ. ಯೋಹಾನ 6ರಲ್ಲಿ ಅದನ್ನೇ ಮಾಡಿದವರು ಇದ್ದಾರೆ. ಐದು ಸಾವಿರ ಜನ ರೊಟ್ಟಿ ತಿಂದು ಮಾರನೇ ದಿನ ದೋಣಿ ಹತ್ತಿ ಹುಡುಕಿಕೊಂಡು ಬಂದರು. ಯೇಸು ನೇರವಾಗಿ, ನೀವು ರೊಟ್ಟಿ ತಿಂದು ತೃಪ್ತರಾದಿರಿ, ಅದಕ್ಕೇ ಬಂದಿರಿ ಎಂದರು. ಆ ಅಧ್ಯಾಯ ಮುಗಿಯುವಷ್ಟರಲ್ಲಿ ಬಹಳ ಜನ ಬಿಟ್ಟು ಹೋದರು. ನೀವೂ ಹೋಗುತ್ತೀರಾ ಎಂದು ಹನ್ನೆರಡು ಜನರನ್ನು ಕೇಳಿದರೆ ಪೇತ್ರ, ಇನ್ಯಾರ ಹತ್ತಿರ ಹೋಗಲಿ ಎಂದ. ಅದು ದೊಡ್ಡ ಭಕ್ತನ ಮಾತಿನ ಥರ ಕೇಳಿಸುವುದಿಲ್ಲ. ಬೇರೆ ದಾರಿ ಇಲ್ಲದವನ ಮಾತು. ನನಗೆ ಮೋಶೆಗಿಂತ ಪೇತ್ರನ ಈ ಮಾತು ಹೇಳುವುದು ಸುಲಭ.

ಮುಳಬಾಗಿಲಿನ ಟೊಮೆಟೊ

ಎಲ್ಲರೂ ದೊಡ್ಡ ದೊಡ್ಡ ವಿಷಯ ಬರೆದಿರಿ. ಮಾವು ಅಕ್ಕನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಸಾಕ್ಷಿ ಹೇಳಬಹುದಾ, ಬೇಡವಾ?

ತುಮಕೂರಿನ ಟೀಚರ್

ಹೇಳಬಹುದು. ಇಬ್ರಿಯರಿಗೆ 11 ಇಡೀ ಸಾಕ್ಷಿಗಳ ಪಟ್ಟಿ. ಅರ್ಧ ಜನ ಸಿಂಹದ ಬಾಯಿ ಕಟ್ಟಿದರು, ಸತ್ತವರನ್ನು ತಿರುಗಿ ಪಡೆದರು. 35ನೇ ವಚನದ ಮಧ್ಯದಿಂದ ‘ಬೇರೆಯವರು’ ಶುರುವಾಗುತ್ತಾರೆ. ಹೊಡೆತ ತಿಂದವರು, ಕಲ್ಲೇಟು ತಿಂದವರು, ಗರಗಸದಿಂದ ಕೊಯ್ಯಿಸಿಕೊಂಡವರು. ಎರಡೂ ಗುಂಪು ಒಂದೇ ಪಟ್ಟಿಯಲ್ಲಿ ಇದೆ, ನಂಬಿಕೆ ಇದ್ದವರ ಪಟ್ಟಿಯಲ್ಲಿ. ನಮ್ಮ ಮೈಕ್ ಮೊದಲ ಗುಂಪಿಗೆ ಮಾತ್ರ ಹೋಗುತ್ತಿದೆ.

ಒಂದು ಸಲಹೆ. ಮುಂದಿನ ಕೂಟದಲ್ಲಿ ಸಾಕ್ಷಿ ಸಮಯಕ್ಕೆ ಮೊದಲು ಕೀರ್ತನೆ 13 ಓದಿಸಿ. ‘ಎಷ್ಟರ ತನಕ’ ಎಂದು ನಾಲ್ಕು ಸಲ ಕೇಳುವ ಕೀರ್ತನೆ. ಆಮೇಲೆ ಯಾರು ಬೇಕಾದರೂ ಏಳಲಿ. ಸಭಾಪಾಲಕರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ.

ಶಿಡ್ಲಘಟ್ಟದ ಗೂಡು

13 ಬೇಡ ಟೀಚರ್. ಅದು ಕೊನೆಗೆ ಹಾಡಿನಲ್ಲಿ ಮುಗಿಯುತ್ತದೆ, ಎಲ್ಲರೂ ಉಸಿರು ಬಿಡುತ್ತಾರೆ. 88 ಓದಿಸಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಬಿಟ್ಟು ಬಂದರೂ ಇಷ್ಟು ನೆನಪಿದೆ.

ಪಾವಗಡದ ಬಿಸಿಲು

88 ಓದಿದರೆ ನಮ್ಮ ಸಭೆಯಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ. ಆದರೂ ಓದಿ. ಮಾವು ಅಕ್ಕ, ಓದಿದ ಮೇಲೆ ತಮ್ಮನ ವಾಸಿಗಾಗಿ ಪ್ರಾರ್ಥನೆ ಮಾಡುತ್ತೀರಾ, ಇಲ್ಲ ಅದನ್ನು ಬಿಟ್ಟುಬಿಟ್ಟಿರಾ? ಬಿಡಬೇಡಿ ಅಂತ ಕೇಳಿದೆ.

ಶ್ರೀನಿವಾಸಪುರದ ಮಾವು

ಬಿಟ್ಟಿಲ್ಲ ತಮ್ಮಾ. ಕಿಡ್ನಿಯನ್ನೂ ಕೇಳುತ್ತೇವೆ, ಅದಕ್ಕಿಂತ ಮೊದಲು ಆ ಗೊತ್ತಿಲ್ಲದ ಮನೆಯವರ ಹುಡುಗ ಉಳಿಯಲಿ ಅಂತಲೂ ಕೇಳುತ್ತೇವೆ. ಎರಡೂ ಹೇಗೆ ಆಗುತ್ತದೆ ಅಂತ ನನ್ನನ್ನು ಕೇಳಬೇಡಿ. ತಮ್ಮನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. 88 ಅವನೇ ಓದುತ್ತಾನಂತೆ. ಡಯಾಲಿಸಿಸ್ ಆದ ದಿನ ನಿಲ್ಲುವುದಕ್ಕೆ ಆಗುವುದಿಲ್ಲ, ಕೂತೇ ಓದುತ್ತಾನಂತೆ, ಅದಕ್ಕೆ ಸಭಾಪಾಲಕರ ಹತ್ತಿರ ಮೈಕ್ ಸ್ಟ್ಯಾಂಡ್ ಕೇಳಬೇಕು. ಆ ಹಿರಿಯರು ಏನಂತಾರೋ ಗೊತ್ತಿಲ್ಲ.